ಬೆಂಗಳೂರಿನ ಅರ್ಧದಷ್ಟು ದೊಡ್ಡ ಊರು ರಾಜ್ಯದಲ್ಲಿ ಯಾಕಿಲ್ಲ? ನಗರಗಳ ಗಾತ್ರದ ಲೆಕ್ಕ ಇಲ್ಲಿದೆ

ರಾಜ್ಯದ ಅತಿ ದೊಡ್ಡ ಊರು ಯಾವುದು ಅಂದ್ರೆ ಸಣ್ಣ ಮಕ್ಕಳೂ ಹೇಳ್ತಾರೆ. ಎರಡನೆಯದು ಯಾವುದು ಅಂದ್ರೆ ಮಾತ್ರ ಮೈಸೂರೋ, ಹುಬ್ಬಳ್ಳಿ-ಧಾರವಾಡವೋ ಅಂತ ಚರ್ಚೆ ಶುರು. ಯಾವುದೇ ಇರಲಿ, ಅದು ಬೆಂಗಳೂರಿನ ಎಂಟನೇ ಒಂದು ಭಾಗಕ್ಕಿಂತ ಚಿಕ್ಕದು. ಊರುಗಳ ಗಾತ್ರಕ್ಕೂ ಒಂದು ಲೆಕ್ಕ ಇದೆ. ಆ ಲೆಕ್ಕಕ್ಕೆ ಕರ್ನಾಟಕ ಸಿಗೋದಿಲ್ಲ.

ಏನಿದು ಲೆಕ್ಕ?

ಒಂದು ದೇಶದ ಊರುಗಳನ್ನು ಜನಸಂಖ್ಯೆ ಪ್ರಕಾರ ಸಾಲಾಗಿ ಬರೆದರೆ, ಎರಡನೇ ಊರು ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು ಭಾಗ, ನಾಲ್ಕನೆಯದು ಕಾಲು ಭಾಗ ಇರುತ್ತೆ. 1913ರಲ್ಲಿ ಜರ್ಮನಿಯ ಭೌತವಿಜ್ಞಾನಿ ಫೆಲಿಕ್ಸ್ ಔರ್‌ಬಾಖ್ ಇದನ್ನು ಗುರುತಿಸಿದರು. ಹೆಸರು ಬಂದಿದ್ದು ಮಾತ್ರ ಅಮೆರಿಕದ ಜಾರ್ಜ್ ಜಿಫ್ ಅವರಿಗೆ. 'ಜಿಫ್ ನಿಯಮ' ಅಂತಲೇ ಪ್ರಸಿದ್ಧಿ.

ಅಮೆರಿಕದ 2020ರ ಜನಗಣತಿ ನೋಡಿ. ನ್ಯೂಯಾರ್ಕ್ 88 ಲಕ್ಷ, ಲಾಸ್ ಏಂಜಲೀಸ್ 39 ಲಕ್ಷ, ಷಿಕಾಗೊ 27 ಲಕ್ಷ, ಹ್ಯೂಸ್ಟನ್ 23 ಲಕ್ಷ. ನಿಯಮದ ಪ್ರಕಾರ 44, 29, 22 ಲಕ್ಷ ಇರಬೇಕಿತ್ತು. ಹೆಚ್ಚುಕಮ್ಮಿ ಹೊಂದುತ್ತೆ.

ಯಾಕೆ ಹೀಗಾಗುತ್ತೆ?

1931ರಲ್ಲಿ ಫ್ರಾನ್ಸಿನ ರಾಬರ್ಟ್ ಜಿಬ್ರಾ ಕಂಪನಿಗಳ ಬಗ್ಗೆ ಹೇಳಿದ ಮಾತು ಊರುಗಳಿಗೂ ಅನ್ವಯಿಸುತ್ತೆ: ಬೆಳವಣಿಗೆಯ ಶೇಕಡಾವಾರು ದರಕ್ಕೂ ಗಾತ್ರಕ್ಕೂ ಸಂಬಂಧ ಇಲ್ಲ. ಶೇ 20 ಬೆಳೆದರೆ ಒಂದು ಲಕ್ಷದ ಊರಿಗೆ 20 ಸಾವಿರ ಜನ, ಹತ್ತು ಲಕ್ಷದ ಊರಿಗೆ 2 ಲಕ್ಷ ಜನ ಸೇರ್ತಾರೆ. ಯಾವ ದಶಕ ಯಾವ ಊರಿಗೆ ಒಲಿಯುತ್ತೋ ಹೇಳೋಕಾಗಲ್ಲ. ಹೀಗೇ ನೂರಾರು ವರ್ಷ ನಡೆದರೆ ಕೆಲವೇ ದೊಡ್ಡ ಊರು, ಲೆಕ್ಕವಿಲ್ಲದಷ್ಟು ಚಿಕ್ಕ ಊರು ಉಳಿಯುತ್ತವೆ.

ಕರ್ನಾಟಕದ ಕಥೆ

2011ರ ಜನಗಣತಿಯಲ್ಲಿ, ಹೊಂದಿಕೊಂಡ ಪ್ರದೇಶಗಳೂ ಸೇರಿ ಅಂದಾಜು ಲೆಕ್ಕ:

- ಬೆಂಗಳೂರು: 85 ಲಕ್ಷ
- ಮೈಸೂರು: 9.9 ಲಕ್ಷ
- ಹುಬ್ಬಳ್ಳಿ-ಧಾರವಾಡ: 9.4 ಲಕ್ಷ
- ಮಂಗಳೂರು: 6.2 ಲಕ್ಷ
- ಬೆಳಗಾವಿ: 6.1 ಲಕ್ಷ
- ಕಲಬುರಗಿ: 5.4 ಲಕ್ಷ

ನಿಯಮದಂತೆ ಎರಡನೇ ಊರು 42 ಲಕ್ಷ ಇರಬೇಕಿತ್ತು. ಆದರೆ 10 ಲಕ್ಷದಿಂದ 85 ಲಕ್ಷದ ನಡುವೆ ಒಂದೇ ಒಂದು ಊರಿಲ್ಲ. ಇಂಥ ದೊಡ್ಡಣ್ಣನಂಥ ನಗರದ ಬಗ್ಗೆ ಅಮೆರಿಕದ ಭೂಗೋಳ ತಜ್ಞ ಮಾರ್ಕ್ ಜೆಫರ್ಸನ್ 1939ರಲ್ಲೇ ಬರೆದಿದ್ದರು.

ಕಾರಣ ಏನು?

ಮೊದಲನೆಯದು ಇತಿಹಾಸ. 1956ರವರೆಗೆ ಈ ಊರುಗಳು ಒಂದೇ ರಾಜ್ಯದಲ್ಲಿ ಇರಲಿಲ್ಲ. ಹುಬ್ಬಳ್ಳಿ, ಬೆಳಗಾವಿ ಮುಂಬೈ ಕಡೆ, ಕಲಬುರಗಿ ಹೈದರಾಬಾದ್ ಕಡೆ, ಮಂಗಳೂರು ಮದ್ರಾಸ್ ಕಡೆ ಇದ್ದವು. ಒಂದೇ ಸಾಲಲ್ಲಿ ಬೆಳೆದ ಊರುಗಳೇ ಅಲ್ಲ.

ಎರಡನೆಯದು ಕೆಲಸ. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಎಲ್ಲವೂ ಬೆಂಗಳೂರಲ್ಲೇ ಶುರುವಾದವು. 1941ರಿಂದ 1951ರೊಳಗೆ ಅಲ್ಲಿನ ಜನಸಂಖ್ಯೆ 4 ಲಕ್ಷದಿಂದ 7.8 ಲಕ್ಷಕ್ಕೆ ಏರಿತು. ಆಮೇಲೆ ಐಟಿ ಬಂತು. ಈಗ ಬೆಂಗಳೂರಿಗೆ ಜನ ಬರೋದು ಕರ್ನಾಟಕದಿಂದ ಮಾತ್ರ ಅಲ್ಲ, ಇಡೀ ದೇಶದಿಂದ.

ಜಿಬ್ರಾ ಮಾತೂ ಇಲ್ಲಿ ನಡೆದಿಲ್ಲ. 2001ರಿಂದ 2011ರವರೆಗೆ ಹುಬ್ಬಳ್ಳಿ-ಧಾರವಾಡ ಶೇ 20ರಷ್ಟು ಬೆಳೆದರೆ, ಬೆಂಗಳೂರು 57 ಲಕ್ಷದಿಂದ 85 ಲಕ್ಷಕ್ಕೆ, ಅಂದ್ರೆ ಶೇ 49ರಷ್ಟು ಬೆಳೆಯಿತು. 2007ರಲ್ಲಿ ಸುತ್ತಲಿನ ನಗರಸಭೆಗಳು, 110 ಹಳ್ಳಿ ಸೇರಿ ಬಿಬಿಎಂಪಿ ಆಗಿದ್ದೂ ನೆನಪಿರಲಿ. ಗಡಿ ಹಿಗ್ಗಿದರೆ ಸಂಖ್ಯೆಯೂ ಹಿಗ್ಗುತ್ತೆ.

ಜಿಲ್ಲೆಯವರಿಗೆ ಇದರಿಂದ ಏನು?

ನಡುವೆ ಮೆಟ್ಟಿಲಿಲ್ಲ ಅನ್ನೋದೇ ಇದರ ಅರ್ಥ. ಪದವಿ ಮುಗಿಸಿದ ಹುಡುಗ-ಹುಡುಗಿಯರಿಗೆ ಜಿಲ್ಲಾ ಕೇಂದ್ರ ಬಿಟ್ಟರೆ ಮುಂದಿನ ನಿಲ್ದಾಣ ನೇರ ಮೆಜೆಸ್ಟಿಕ್ಕೇ. ನಿಯಮ ತಾನಾಗಿ ಇದನ್ನು ಸರಿ ಮಾಡೋದಿಲ್ಲ. ಕಾರ್ಖಾನೆ ಎಲ್ಲಿ ಹಾಕಬೇಕು, ಕಚೇರಿ ಎಲ್ಲಿ ತೆರೀಬೇಕು ಅನ್ನೋ ತೀರ್ಮಾನದಿಂದ ಬೆಂಗಳೂರು ಬೆಳೆಯಿತು. ಬೇರೆ ಊರು ಬೆಳೆಯಬೇಕಾದ್ರೂ ಅಂಥದ್ದೇ ತೀರ್ಮಾನ ಬೇಕು.

ಅದಕ್ಕೆ ಮೊದಲು ಸರಿಯಾದ ಎಣಿಕೆ ಆಗಬೇಕು. ಊರು ಪಟ್ಟಣ ಪಂಚಾಯಿತಿಯೋ, ಪುರಸಭೆಯೋ, ನಗರಸಭೆಯೋ ಅನ್ನೋದಕ್ಕೆ ಜನಸಂಖ್ಯೆ ಮುಖ್ಯ ಅಳತೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಲೆಕ್ಕದ ದಿನ ಅಂತ ಕೇಂದ್ರ ಸರ್ಕಾರ ಪ್ರಕಟಿಸಿದೆ. ಎಣಿಸೋರು ಮನೆ ಬಾಗಿಲಿಗೆ ಬಂದಾಗ ಮನೆಯಲ್ಲಿ ಇರೋ ಎಲ್ಲರನ್ನೂ ಬರೆಸೋದು ಮರೀಬೇಡಿ.