ಒಂದು ಹೆಸರಿನ ಚರಿತ್ರೆ

ಕೂಸಿಗೆ ಹನ್ನೆರಡನೆಯ ದಿನ ಹೆಸರಿಡುತ್ತೇವೆ. ಅದರ ಸ್ವಭಾವಕ್ಕೆ ಹೆಸರು ಸಿಗಲು ಕೆಲವೊಮ್ಮೆ ನಲವತ್ತು ವರ್ಷ ಬೇಕಾದೀತು. ನನಗೆ ಹಾಗೆಯೇ ಆಯಿತು. ಕೆಲವು ವರ್ಷಗಳ ಹಿಂದೆ ವೈದ್ಯರು ‘ಆಸ್ಪರ್ಗರ್’ ಎಂದು ಬರೆದುಕೊಟ್ಟರು. ಪದಗಳ ಪಾಠ ಹೇಳಿ ಬದುಕುವವನು ನಾನು. ಈ ಪದ ಎಲ್ಲಿಂದ ಬಂದಿತೆಂದು ಹುಡುಕದೆ ಇರಲಾಗಲಿಲ್ಲ.

ಹಾನ್ಸ್ ಆಸ್ಪರ್ಗರ್ ವಿಯೆನ್ನಾ ನಗರದ ಮಕ್ಕಳ ವೈದ್ಯ. 1944ರಲ್ಲಿ ಆತ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಾಲ್ವರು ಹುಡುಗರ ಚಿತ್ರವಿದೆ. ಅವರಿಗೆ ಮಾತಿನ ಬಡತನವಿಲ್ಲ, ಬುದ್ಧಿ ಮಂಕಲ್ಲ. ಹಿಡಿದ ವಿಷಯವನ್ನು ಬಿಡರು. ಆದರೆ ಎದುರಿನವರ ಮುಖ ನೋಡಿ ಮನಸ್ಸನ್ನು ಓದುವ ವಿದ್ಯೆ, ಉಳಿದವರಿಗೆ ಕಲಿಯದೆ ಬರುವಂಥದು, ಅವರಿಗೆ ಬಾರದು. (ಇಂಥದೇ ಚಿತ್ರವನ್ನು ಮಾಸ್ಕೋದ ವೈದ್ಯೆ ಗ್ರೂನ್ಯಾ ಸುಖಾರೆವಾ 1926ರಲ್ಲಿಯೇ, ಅದೇ ಜರ್ಮನ್ ಭಾಷೆಯಲ್ಲಿ ಬರೆದಿದ್ದರು. ಹೆಸರು ಮಾತ್ರ ಅವರದಾಗಲಿಲ್ಲ.)

ಪ್ರಬಂಧ ಬಹುಕಾಲ ಮೂಲೆಯಲ್ಲಿತ್ತು. 1981ರಲ್ಲಿ ಅದನ್ನು ಇಂಗ್ಲಿಷ್ ಓದುಗರ ಮುಂದಿಟ್ಟವರು ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್. ಸ್ವಲೀನತೆಯುಳ್ಳ ಮಗಳೊಬ್ಬಳ ತಾಯಿ ಈಕೆ. ಸ್ವಲೀನತೆ ಎಂದೊಡನೆ ಜನರಿಗೆ ಮಾತಾಡದ ಮಗುವೇ ನೆನಪಾಗುತ್ತಿತ್ತು. ಅದಕ್ಕಾಗಿ ‘ಆಸ್ಪರ್ಗರ್’ ಎಂಬ ಬೇರೆ ಹೆಸರನ್ನು ಆರಿಸಿಕೊಂಡರು. ಆಕೆ ವಿವರಿಸಿದ 34 ಜನರ ವಯಸ್ಸು 5ರಿಂದ 35. ಈ ಮೂವತ್ತೈದೇ ನನಗೆ ಮುಖ್ಯ. ಬೆಳೆದು, ಕೆಲಸಕ್ಕೆ ಸೇರಿ, ಸಂಸಾರ ಹೂಡಿದವರಿಗೂ ಇದು ಉಂಟೆಂಬ ಅರಿವಿಗೆ ಬಾಗಿಲು ತೆರೆದದ್ದು ಅಲ್ಲಿ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೂ ಹೆಸರು ಸೇರಿತು.

ಹೆಸರಿನಿಂದೇನು ಬಂತು ಎನ್ನುತ್ತೀರಾ? ಐವತ್ತು ನಿಮಿಷ ಹಳಗನ್ನಡ ವ್ಯಾಕರಣ ಹೇಳಬಲ್ಲೆ. ಅಧ್ಯಾಪಕರ ಕೊಠಡಿಯಲ್ಲಿ ಐದು ನಿಮಿಷ ಲೋಕಾಭಿರಾಮ ಮಾತಾಡಲಾರೆ. ನಾಲ್ವರು ಒಟ್ಟಿಗೆ ಮಾತಾಡಿದರೆ ಒಬ್ಬರದೂ ತಿಳಿಯದು. ಕಾಲೇಜಿನಲ್ಲಿ ಇದಕ್ಕೆ ಗರ್ವವೆಂದರು. ಹೇಳದೆ ಬಂದ ನೆಂಟರೆಂದರೆ ನನಗೆ ಭೂಕಂಪ. ಮನೆಯಲ್ಲಿ ಇದಕ್ಕೆ ನಿರ್ದಯವೆಂದರು. ಈಗ ಹೆಂಡತಿ ಸೂಚನೆಯಲ್ಲಿ ಮಾತಾಡುವುದನ್ನು ಬಿಟ್ಟು ಬೇಕಾದುದನ್ನು ಬಿಡಿಸಿ ಹೇಳುತ್ತಾಳೆ. ನಾನು ನೆಂಟರೊಡನೆ ಅರ್ಧ ಗಂಟೆ ಕುಳಿತು, ಹೇಳಿಯೇ ಒಳಗೆ ಹೋಗುತ್ತೇನೆ.

ಇಷ್ಟು ನೆಮ್ಮದಿ ಕೊಟ್ಟ ಹೆಸರಿಗೆ 2018ರಲ್ಲಿ ಮಸಿ ಹತ್ತಿತು. ವಿಯೆನ್ನಾದ ಇತಿಹಾಸಕಾರ ಹೆರ್ವಿಗ್ ಚೆಕ್ ಹಳೆಯ ಆಸ್ಪತ್ರೆಯ ಕಡತಗಳನ್ನು ಬಿಚ್ಚಿದರು. 1941ರಲ್ಲಿ, ಮೂರು ವರ್ಷ ತುಂಬದ ಒಂದು ಹೆಣ್ಣುಮಗುವನ್ನು ಶ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಸೇರಿಸಬೇಕೆಂದು ಆಸ್ಪರ್ಗರ್ ಬರೆದಿದ್ದ. ನಾಜಿ ಆಳ್ವಿಕೆಯ ಆ ಮನೆಯಲ್ಲಿ 1940ರಿಂದ 1945ರ ವರೆಗೆ ಸುಮಾರು 800 ಮಕ್ಕಳು ಸತ್ತರು. ಈ ಮಗು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡಿತು. ಆತನಿಗೆ ಎಷ್ಟು ತಿಳಿದಿತ್ತೆಂಬ ವಾದ ಮುಗಿದಿಲ್ಲ, ಸಹಿ ಆತನದು. ಜಾಣ ಹುಡುಗರಲ್ಲಿ ಗುಣ ಕಂಡ ಲೇಖನಿಯೇ ಆ ಚೀಟಿಯನ್ನೂ ಬರೆಯಿತು. ಆ ಜಾಣರ ಸಾಲಿನಲ್ಲಿ ನನ್ನನ್ನು ಎಣಿಸಿದ್ದಾರೆಂಬುದು ಈಗ ಗಂಟಲಲ್ಲಿ ಇಳಿಯದು.

ಕೈಪಿಡಿಯಿಂದ ಹೆಸರು ಹೋದದ್ದು ಇದಕ್ಕಲ್ಲ, 2013ರಲ್ಲಿಯೇ ಹೋಗಿತ್ತು. ಎಲ್ಲಿ ಗೆರೆ ಎಳೆಯಬೇಕೆಂಬುದರಲ್ಲಿ ವೈದ್ಯರಿಗೆ ವೈದ್ಯರು ಹೊಂದುತ್ತಿರಲಿಲ್ಲ. ಅದೀಗ ಸ್ವಲೀನತೆಯೊಳಗೇ ಸೇರಿದೆ. ನನ್ನ ಚೀಟಿಯಲ್ಲಿ ಹಳೆಯ ಹೆಸರೇ ಇದೆ. ಕೇಳಿದವರಿಗೆ ಮಾತ್ರ ಸ್ವಲೀನತೆ ಎನ್ನುತ್ತೇನೆ. “ನೀವು ಚೆನ್ನಾಗಿಯೇ ಮಾತಾಡುತ್ತೀರಲ್ಲ ಮೇಷ್ಟ್ರೇ!” ಎಂದು ಅವರಿಗೆ ಆಶ್ಚರ್ಯ.