ಮೋಟಾರಿನ ತಗಡಿನ ಮೇಲೆ ಕುದುರೆ ಬಂದದ್ದು ಹೇಗೆ?

ನಿಮ್ಮ ಪಂಪ್‌ಸೆಟ್ ಮೋಟಾರಿನ ತಗಡನ್ನು ಒರೆಸಿ ನೋಡಿ. 5 ಎಚ್‌ಪಿ ಎಂದಿರುತ್ತದೆ, ಪಕ್ಕದಲ್ಲೇ 3.7 ಕಿಲೋವ್ಯಾಟ್ ಎಂದೂ ಇರುತ್ತದೆ. ಎರಡೂ ಒಂದೇ ಶಕ್ತಿ. ಹಾಗಾದರೆ ಎರಡು ಹೆಸರು ಯಾಕೆ?

1780ರ ದಶಕದಲ್ಲಿ ಇಂಗ್ಲೆಂಡಿನ ಎಷ್ಟೋ ಗಿರಣಿಗಳನ್ನು ತಿರುಗಿಸುತ್ತಿದ್ದದ್ದು ಕುದುರೆಗಳು. ಉಗಿಯಂತ್ರ ಮಾರಲು ಹೊರಟ ಜೇಮ್ಸ್ ವ್ಯಾಟ್, 'ಇದು ಎಷ್ಟು ಕುದುರೆಗೆ ಸಮ' ಎಂದು ಗಿರಾಕಿಗೆ ಹೇಳಬೇಕಿತ್ತು. ನಿಮಿಷಕ್ಕೆ 33,000 ಪೌಂಡ್ ಭಾರವನ್ನು 1 ಅಡಿ ಎತ್ತುವ ಶಕ್ತಿಯೇ ಒಂದು ಕುದುರೆ ಎಂದು ಲೆಕ್ಕ ಕಟ್ಟಿದ. ನಮ್ಮ ಅಳತೆಯಲ್ಲಿ, ಸೆಕೆಂಡಿಗೆ ಸುಮಾರು 76 ಕೆಜಿಯನ್ನು 1 ಮೀಟರ್ ಎತ್ತಿದಂತೆ. ಸಾಮಾನ್ಯ ಕುದುರೆ ದಿನವಿಡೀ ಇಷ್ಟು ದುಡಿಯಲಾರದು.

ವಿದ್ಯುತ್ ಬಂದಾಗ ಹೊಸ ಅಳತೆ ಬೇಕಾಯಿತು. 1882ರಲ್ಲಿ ವಿಲಿಯಂ ಸೀಮೆನ್ಸ್ ಅದಕ್ಕೆ ವ್ಯಾಟ್‌ನ ಹೆಸರನ್ನೇ ಸೂಚಿಸಿದರು. 1 ಎಚ್‌ಪಿ ಎಂದರೆ 746 ವ್ಯಾಟ್. ಆದರೂ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟನ್ನು ಎಚ್‌ಪಿ ಲೆಕ್ಕದಲ್ಲೇ ಮಾರಿದರು.

ಒಂದು ಮಾತು ನೆನಪಿರಲಿ. ತಗಡಿನ ಮೇಲಿರುವುದು ಮೋಟಾರು ಹೊರಗೆ ಕೊಡುವ ಶಕ್ತಿ. ನೂರಕ್ಕೆ 80ರಷ್ಟು ದಕ್ಷತೆಯಿದ್ದರೆ, ಪೂರ್ತಿ ಲೋಡಿನಲ್ಲಿ 5 ಎಚ್‌ಪಿ ಮೋಟಾರು ಗಂಟೆಗೆ ಎಳೆಯುವುದು ಸುಮಾರು 4.7 ಯೂನಿಟ್. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ ಹೊರುವುದು ಆ ಭಾರವನ್ನೂ ಸೇರಿಸಿಯೇ.