ನಿರೂಪದ ಪುಟ: ಮೊದಲ ಕನ್ನಡ ಪತ್ರಿಕೆ ಮತ್ತು ಗಡಿಯ ಓದುಗ

1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ ಹೊರಬಂದಿತು. ಜರ್ಮನಿಯಿಂದ ಬಂದ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಅದರ ಸಂಪಾದಕ. ನಾಲ್ಕು ಪುಟಗಳ ಈ ಪಾಕ್ಷಿಕವನ್ನು ಕನ್ನಡದ ಮೊದಲ ಪತ್ರಿಕೆಯೆಂದು ಚರಿತ್ರೆ ಗುರುತಿಸಿದೆ. ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವುದೂ ಅದೇ ಜುಲೈ 1ರಂದು. ಆದರೆ ‘ಮೊದಲನೆಯದು’ ಎಂಬ ಗೌರವದ ಮರೆಯಲ್ಲಿ, ಆ ಪುಟಗಳು ನಿಜವಾಗಿ ಮಾಡುತ್ತಿದ್ದ ಕೆಲಸದ ವಿಚಾರಣೆ ಹಿಂದೆ ಸರಿದಿದೆ. ಗಡಿಯಾಚೆಯ ಕನ್ನಡಿಗರಿಗೆ ಆ ಕೆಲಸ ಇಂದಿಗೂ ಮುಗಿದಿಲ್ಲ.

ಪತ್ರಿಕೆಯಲ್ಲಿ ಊರ ವರ್ತಮಾನವಿತ್ತು, ಹೊರರಾಜ್ಯಗಳ ಸುದ್ದಿಯಿತ್ತು, ನೀತಿಮಾತು ಮತ್ತು ಕಥೆಗಳಿದ್ದವು. ಇವುಗಳ ನಡುವೆ ಸರಕಾರದ ಕಾನೂನು ಮತ್ತು ನಿರೂಪಗಳೂ ಅಚ್ಚಾಗುತ್ತಿದ್ದವು. ಕಂಪೆನಿ ಆಡಳಿತದ ಆಜ್ಞೆ ಅದುವರೆಗೆ ರೈತನಿಗೆ ತಲುಪುತ್ತಿದ್ದುದು ಬಾಯಿಮಾತಿನಿಂದ. ಹುಜೂರು ಕಚೇರಿಯಿಂದ ತಾಲೂಕು ಕಚೇರಿಗೆ, ಅಲ್ಲಿಂದ ಶಾನುಭೋಗ ಪಟೇಲರಿಗೆ, ಕಡೆಗೆ ಡಂಗುರದವನಿಗೆ ಅದು ಇಳಿದು ಬರುತ್ತಿತ್ತು. ಪ್ರತಿ ಮೆಟ್ಟಿಲಿನಲ್ಲಿಯೂ ನಿರೂಪದ ಅರ್ಥ ಹೇಳುವವನ ಕೈಯಲ್ಲಿತ್ತು. ಅಚ್ಚಾದ ಹಾಳೆ ಈ ಸ್ಥಿತಿಯನ್ನು ಒಮ್ಮೆಗೇ ಬದಲಿಸಿತೆಂದು ಹೇಳಲಾಗದು, ಓದಬಲ್ಲವರು ಕೆಲವರೇ. ಆದರೂ ಒಬ್ಬನು ಓದಿ ಹತ್ತು ಮಂದಿ ಕೇಳುವಾಗ, ಶಾನುಭೋಗನು ಹೇಳಿದ್ದನ್ನು ತಾಳೆ ನೋಡಲು ಇನ್ನೊಂದು ಪ್ರತಿ ಸಿಕ್ಕಂತಾಯಿತು. ಮಿಶನ್ನಿಗೆ ತನ್ನದೇ ಮತಪ್ರಚಾರದ ಉದ್ದೇಶವಿತ್ತೆಂಬುದು ಮರೆಮಾಚುವ ಸಂಗತಿಯಲ್ಲ. ಆ ಉದ್ದೇಶವನ್ನು ಬೇರೆಯಾಗಿಟ್ಟು ನೋಡಿದರೂ ನಿರೂಪದ ಪುಟದ ಉಪಯೋಗ ಉಳಿಯುತ್ತದೆ.

ಆ ಪುಟ ಒಬ್ಬನ ಕೈಯ ಕೆಲಸವೂ ಆಗಿರಲಿಲ್ಲ. ಕಲ್ಲಚ್ಚಿನಲ್ಲಿ ಲಿಪಿಕಾರನೇ ಅಕ್ಷರ ಅಕ್ಷರವಾಗಿ ಜಿಡ್ಡಿನ ಮಸಿಯಲ್ಲಿ ಬರೆಯಬೇಕು. ಆ ಬರಹ ಕಲ್ಲಿನ ಮೇಲೆ ಮೂಡಿ, ಅಲ್ಲಿಂದ ಕಾಗದಕ್ಕೆ ಇಳಿಯಬೇಕು. ಊರ ಸುದ್ದಿಯನ್ನು ಊರವರೇ ತಂದುಕೊಡಬೇಕು. ಸಂಪಾದಕನು ಪರದೇಶದವನಾಗಿದ್ದರಿಂದ, ಸ್ಥಳದ ಮಾತು ಬಲ್ಲವರ ನೆರವಿಲ್ಲದೆ ಪತ್ರಿಕೆ ಒಂದು ಪಕ್ಷವೂ ನಡೆಯುವಂತಿರಲಿಲ್ಲ.

1844ರಲ್ಲಿ ಪತ್ರಿಕೆ ಮಂಗಳೂರನ್ನು ಬಿಟ್ಟಿತು. ಮೊಳೆ ಅಚ್ಚಿನ ಅನುಕೂಲವಿದ್ದ ಬಳ್ಳಾರಿಯಲ್ಲಿ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಮುಂದುವರಿಯಿತು. ಹೆಸರಿನಲ್ಲಿ ಊರು ಹೋಗಿ ಭಾಷೆ ಬಂದುದು ಗಮನಾರ್ಹ. ಎರಡೂ ಊರುಗಳು ಆಗ ಮದರಾಸು ಪ್ರಾಂತ್ಯದಲ್ಲಿದ್ದವು. ಇಂದಿನ ಕಾಸರಗೋಡಿನ ನೆಲ ಮಂಗಳೂರಿನ ಜಿಲ್ಲೆಗೆ ಸೇರಿದ್ದರೆ, ಆದೋನಿ, ರಾಯದುರ್ಗ, ಮಡಕಶಿರಾಗಳು ಬಳ್ಳಾರಿ ಜಿಲ್ಲೆಯೊಳಗಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾದಾಗ ಮಡಕಶಿರಾ ಅದಕ್ಕೆ ಸೇರಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ್ದಾಯಿತು. ಹೀಗೆ ಮೊದಲ ಕನ್ನಡ ಪತ್ರಿಕೆಯ ಎರಡು ನೆಲೆಗಳ ಜಿಲ್ಲೆಗಳೂ ರಾಜ್ಯದ ಗಡಿರೇಖೆಯಿಂದ ತುಂಡಾದವು. ರೇಖೆಯ ಆಚೆಗೆ ಉಳಿದ ಓದುಗನ ಮಟ್ಟಿಗೆ ನಿರೂಪದ ಭಾಷೆಯೇ ಬದಲಾಯಿತು.

ಸಂವಿಧಾನ ಈ ಓದುಗನನ್ನು ಮರೆಯಲಿಲ್ಲ. ಸರಕಾರಕ್ಕೆ ಅಹವಾಲನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು 350ನೆಯ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣದ ವಿಧಿಯೂ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವಿಧಿಯೂ ಸೇರಿದವು. ಅಹವಾಲು ಪ್ರಜೆಯಿಂದ ಸರಕಾರಕ್ಕೆ ಏರುವ ಮಾತು. ನಿರೂಪವು ಸರಕಾರದಿಂದ ಪ್ರಜೆಗೆ ಇಳಿಯುವ ಮಾತು. ಇಳಿಯುವ ಮಾತಿನ ಪ್ರಸ್ತಾಪ ಬಂದುದು ಅದೇ ವರ್ಷ ಕೇಂದ್ರ ಗೃಹ ಸಚಿವಾಲಯ ಸಿದ್ಧಪಡಿಸಿದ ಜ್ಞಾಪನಪತ್ರದಲ್ಲಿ. ಜಿಲ್ಲೆ, ಪುರಸಭೆ ಅಥವಾ ತಾಲೂಕಿನ ಜನಸಂಖ್ಯೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿದ್ದಲ್ಲಿ ಮುಖ್ಯ ಪ್ರಕಟಣೆಗಳನ್ನೂ ನಿಯಮಗಳನ್ನೂ ಅವರ ಭಾಷೆಯಲ್ಲಿ ಹೊರಡಿಸುವುದು ಪ್ರಯೋಜನಕರವೆಂದು ಅದು ಸೂಚಿಸಿತು. ಅದು ಸೂಚನೆ ಮಾತ್ರ, ಕಟ್ಟಳೆಯಲ್ಲ. ಅಹವಾಲು ಸಲ್ಲಿಸುವ ಹಕ್ಕಿದ್ದರೂ, ಯಾವ ನಿಯಮದ ಮೇಲೆ, ಯಾವ ಕಚೇರಿಗೆ, ಯಾವ ದಿನದೊಳಗೆ ಸಲ್ಲಿಸಬೇಕೆಂದು ತಿಳಿಯದವನಿಗೆ ಆ ಹಕ್ಕು ಕಾಗದದ ಮೇಲಿನ ಅಕ್ಷರವಷ್ಟೆ.

ಬೆಂಗಳೂರಿನಲ್ಲಿ ಅಚ್ಚಾದ ಮಾಹಿತಿ ಈ ಕೊರತೆಯನ್ನು ತುಂಬಲಾರದು. ಜಮೀನಿನ ದಾಖಲೆಯೊಂದೇ ಸಾಕು ಇದನ್ನು ತಿಳಿಯಲು. ಕರ್ನಾಟಕದ ರೈತ ಪಹಣಿ ಕೇಳುತ್ತಾನೆ. ಜತ್ತ, ಅಕ್ಕಲಕೋಟೆಗಳ ಕನ್ನಡಿಗನಿಗೆ ಬೇಕಾದುದು ತಲಾಠಿ ಕೊಡುವ ಸಾತ್‌ಬಾರಾ ಉತಾರಾ. ಆದೋನಿಯವನು ಅಡಂಗಲ್ ತರಬೇಕು. ಹೊಸೂರು, ತಾಳವಾಡಿಗಳಲ್ಲಿ ಪಟ್ಟಾ, ಚಿಟ್ಟಾ. ಕಾಸರಗೋಡಿನಲ್ಲಿ ವಿಲೇಜ್ ಆಫೀಸಿನ ತಂಡಪ್ಪೇರು. ಭಾಷೆ ಒಂದೇ, ಕಚೇರಿ ಐದು. ಪಹಣಿಯ ಬಗ್ಗೆ ಎಷ್ಟು ಒಳ್ಳೆಯ ಕನ್ನಡದಲ್ಲಿ ಬರೆದರೂ ಗಡಿಯಾಚೆಯವನಿಗೆ ಅದು ಪರರಾಜ್ಯದ ಸುದ್ದಿಯೇ. ಅವನಿಗೆ ಬೇಕಾದ ಪುಟವನ್ನು ಆ ಕಚೇರಿಯ ಮೆಟ್ಟಿಲು ಹತ್ತಿದವರೇ ಬರೆಯಬೇಕು: ಎರಡೂ ಭಾಷೆ ಬಲ್ಲ ಶಿಕ್ಷಕ, ಪಂಚಾಯತಿ ಸದಸ್ಯ, ಅಂಗನವಾಡಿ ಕಾರ್ಯಕರ್ತೆ, ಸಹಕಾರಿ ಸಂಘದ ಗುಮಾಸ್ತ.

ಗಡಿನಾಡಿನ ಕನ್ನಡ ಬರಹದ ಚರಿತ್ರೆಯಲ್ಲಿ ಕಾವ್ಯಕ್ಕೂ ಏಕೀಕರಣದ ಹೋರಾಟಕ್ಕೂ ದೊರೆತ ಸ್ಥಾನ ನ್ಯಾಯವಾದುದೇ. ಅದರ ಪಕ್ಕದಲ್ಲಿ ನಿರೂಪದ ಪುಟಕ್ಕೂ ಒಂದು ಅಧ್ಯಾಯ ಸಲ್ಲಬೇಕು. ಪಿಂಚಣಿಯ ಅರ್ಜಿ, ಪಡಿತರ ಚೀಟಿ, ಶಾಲೆಯ ಸೇರ್ಪಡೆ, ಲಸಿಕೆಯ ದಿನ, ಇವುಗಳನ್ನು ಮನೆಯ ಭಾಷೆಯಲ್ಲಿ ತಿಳಿಸುವ ಬರಹ ನಿಂತುಹೋದಾಗ ಆ ಭಾಷೆ ಮೊದಲು ಕಚೇರಿಯಿಂದ, ಆಮೇಲೆ ಶಾಲೆಯಿಂದ ಹಿಂದೆ ಸರಿಯುತ್ತದೆ. ಮಂಗಳೂರಿನಲ್ಲಿ ಅಚ್ಚಾದ ಆ ನಾಲ್ಕು ಪುಟಗಳನ್ನು ಗಡಿಯ ಓದುಗ ಇಂದು ಮತ್ತೆ ತೆರೆದು ನೋಡಲು ಇರುವ ಕಾರಣ ಇದು.